ಕುಸುಬಿ ಎಣ್ಣೆ ಎಂದು ಹೇಳಿದ ಬಾಟಲಿ

ನನ್ನ ಅಕ್ಕನ ಮೂತ್ರದ ಬಾಟಲಿಯನ್ನು ನಾನು ದವಾಖಾನೆಗೆ ಮುಟ್ಟಿಸಲಿಲ್ಲ. ದಾರಿಯಲ್ಲಿ ಚೆಲ್ಲಿದೆ. ಚೆಲ್ಲಿ, ಬಾಟಲಿ ತೊಳೆದು, ಅದರಲ್ಲಿ ನನ್ನದನ್ನು ತುಂಬಿ, ಅಕ್ಕನ ಹೆಸರಿನಲ್ಲಿ ಪರೀಕ್ಷೆಗೆ ಕೊಟ್ಟೆ. ಆಗ ಅವಳು ಏಳು ತಿಂಗಳ ಬಸುರಿ. ನನಗೆ ಹದಿನೆಂಟು ವರ್ಷ. ಏನು ಮಾಡುತ್ತಿದ್ದೇನೆ ಎಂದು ತಿಳಿಯದ ವಯಸ್ಸಲ್ಲ ಅದು.

ನಾನು ಕಲಿತದ್ದು ಐದನೆಯ ಇಯತ್ತೆಯವರೆಗೆ. ಇದನ್ನು ಬರೆಯಲು ಒಂದು ಚಳಿಗಾಲ ಪೂರ್ತಿ ಹಿಡಿಯಿತು. ಒತ್ತಕ್ಷರಗಳನ್ನು ತಿದ್ದಿಕೊಟ್ಟವಳು ಅಕ್ಕನ ಮಗಳು. ಅಂದರೆ ಅಕ್ಕ ಬದುಕಿದ್ದಾಳೆ, ಅವಳಿಗೊಬ್ಬ ಮಗಳೂ ಇದ್ದಾಳೆ ಎಂದು ಓದುವವರಿಗೆ ಈಗಲೇ ಗೊತ್ತಾಗಲಿ. ಆದರೆ ಮಗಳಿಗಿಂತ ಮೊದಲು ಒಂದು ಗಂಡು ಕೂಸು ಹುಟ್ಟಿತ್ತು. ಅದು ಒಂದೂವರೆ ದಿನ ಬದುಕಿತ್ತು.

ಹೋದ ವರ್ಷ ದವಾಖಾನೆಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಬಸುರಿ ಹುಡುಗಿ ನಿಂತಿದ್ದಳು. ಕೈಯಲ್ಲಿನ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿ, ಅದರ ಮೇಲೆ ಕರವಸ್ತ್ರ ಸುತ್ತಿ, ಕದ್ದ ಒಡವೆಯ ಹಾಗೆ ಹಿಡಿದುಕೊಂಡಿದ್ದಳು. ನಾನು ಅವಳಿಗೆ ಏನೋ ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವಳ ಸರದಿ ಬಂತು. ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮದು ಕುಂದಗೋಳ ತಾಲೂಕಿನ ಕುಬಿಹಾಳ. ಅಕ್ಕ ಕಸ್ತೂರಿಯನ್ನು ನವಲಗುಂದದ ಕಡೆ ಕೊಟ್ಟಿದ್ದೆವು. ಮೊದಲ ಬಸುರು, ತವರಿಗೆ ಬಂದಿದ್ದಳು. ಏಳನೆಯ ತಿಂಗಳಲ್ಲಿ ನಮ್ಮಲ್ಲಿ ಕುಬಸ, ಅಂದರೆ ಸೀಮಂತ, ಮಾಡುತ್ತಾರೆ. ಬಸುರಿಗೆ ಹಸಿರು ಸೀರೆ, ಕುಬಸವೆನ್ನುವ ಹೊಸ ರವಿಕೆ, ಹಸಿರು ಬಳೆ ತೊಡಿಸಿ, ಹೂವಿನ ದಂಡೆ ಕಟ್ಟಿ, ಮಣೆಯ ಮೇಲೆ ಕೂಡಿಸಿ ಉಡಿ ತುಂಬುತ್ತಾರೆ. ಅವ್ವ ಅದಕ್ಕಾಗಿ ತಿಂಗಳಿನಿಂದ ಶ್ಯಾವಿಗೆ ಹೊಸೆಯುತ್ತಿದ್ದಳು.

ಅಕ್ಕನ ಕಾಲು ಬಾತಿದ್ದವು. ಮೊದಲು ಸಂಜೆ ಬಾಯುತ್ತಿದ್ದವು, ಆಮೇಲೆ ಬೆಳಿಗ್ಗೆಯೂ ಇಳಿಯದಾದವು. ಕಾಲುಂಗುರ ಬೆರಳಿನೊಳಗೆ ಹೂತು ಕಾಣದಂತಾಯಿತು. ಹೆಬ್ಬೆರಳಿನಿಂದ ಕಣಕಾಲು ಒತ್ತಿದರೆ ನಾದಿದ ಹಿಟ್ಟಿನ ಮೇಲೆ ಬಿದ್ದಂತೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ನಾನು ಆಟಕ್ಕೆ ಒತ್ತುತ್ತಿದ್ದೆ. ಅಕ್ಕ "ಲೇ ನೀಲೀ, ಬಿಡ, ನಾ ಏನ ರೊಟ್ಟಿ ಹಿಟ್ಟಲ್ಲ" ಎಂದು ನಗುತ್ತಿದ್ದಳು. ಮುಖವೂ ತುಂಬಿಕೊಂಡಿತ್ತು. ಓಣಿಯ ಹೆಂಗಸರು ಬಂದು ಅವ್ವನಿಗೆ, "ಮಗಳು ತವರಿಗೆ ಬಂದ ಮೈ ಹಿಡದಾಳ ನೋಡ" ಅನ್ನುತ್ತಿದ್ದರು. ಅವ್ವ ಹಿಗ್ಗುತ್ತಿದ್ದಳು.

ಹಿಗ್ಗದವರು ಒಬ್ಬರೇ, ನರ್ಸಬಾಯಿ. ವಾರಕ್ಕೊಮ್ಮೆ ಪಕ್ಕದ ಊರಿನಿಂದ ಕೊಡೆ ಹಿಡಿದು ನಡೆದು ಬರುತ್ತಿದ್ದರು. ಅಕ್ಕನ ಕಾಲು ನೋಡಿ, ಕಣ್ಣ ಕೆಳಗಿನ ಬಾವು ನೋಡಿ, "ಈಕಿನ್ನ ನಾಳೆ ಕುಂದಗೋಳ ದವಾಖಾನಿಗೆ ಕರ್ಕೊಂಡು ಬರ್ರಿ" ಎಂದರು.

"ಅದ್ಹ್ಯಾಂಗ ಆಗತೈತ್ರಿ ಬಾಯಾರ?" ಎಂದಳು ಅವ್ವ. "ಏಳರಾಗ ಬಿದ್ದಾಳ. ಕುಬಸ ಆಗೂತನಕ ಬಸುರಿ ಊರ ಹಳ್ಳಾ ದಾಟಬಾರದು. ಮೂರ ದಿನ ತಡೀರಿ."

ನರ್ಸಬಾಯಿ ವಾದ ಮಾಡಿದರು. ಅವ್ವ ಜಗ್ಗಲಿಲ್ಲ. ಕೊನೆಗೆ ಅವರು ಚೀಲದಿಂದ ಒಂದು ಖಾಲಿ ಔಷಧದ ಬಾಟಲಿ ತೆಗೆದು ಅಕ್ಕನ ಕೈಗೆ ಕೊಟ್ಟರು.

"ಆತ ಬಿಡ್ರಿ, ಈಕಿ ದಾಟೂದು ಬ್ಯಾಡ. ಈಕಿ ಉಚ್ಚಿ ದಾಟಲಿ. ಅದಕ್ಕೇನ ಸಂಪ್ರದಾಯ ಇಲ್ಲಲ್ಲ?"

ಅಕ್ಕ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನರ್ಸಬಾಯಿ ನಗಲಿಲ್ಲ. ನನ್ನ ಕಡೆ ತಿರುಗಿ, "ತಂಗೀ, ಬೆಳಿಗ್ಗೆ ಎದ್ದ ಕೂಡ್ಲೆ ಹಿಡಿದದ್ದು ಬೇಕು. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ. ನೀನ ಒಯ್ದು, ನೀನ ಚೀಟಿ ತಗೊಂಡು ಬಾ" ಎಂದರು. ಹೂಂ ಎಂದೆ. ಹೇಗೂ ನಾನು ಮರುದಿನ ಕುಂದಗೋಳಕ್ಕೆ ಹೋಗುವವಳಿದ್ದೆ. ಕುಬಸ ಹೊಲಿಯಲು ಕೊಟ್ಟಿದ್ದ ಖಣವನ್ನು ಶಿಂಪಿಗೇರ ಅಂಗಡಿಯಿಂದ ತರಬೇಕಿತ್ತು.

ಬೆಳಿಗ್ಗೆ ಅವ್ವ ಎರಡು ಚೀಲ ಕೊಟ್ಟಳು. "ಬಾಟ್ಲಿ ಒಂದರಾಗ, ಖಣ ಒಂದರಾಗ. ಕೂಡಿಸಬ್ಯಾಡ, ಮೈಲಿಗಿ ಆಗತೈತಿ." ಬಾಟಲಿಗೆ ಬಟ್ಟೆ ಸುತ್ತಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಎರಡನೆಯ ಊರಿನಲ್ಲಿ ಗೌರವ್ವ ಹತ್ತಿದರು. ಕುಂದಗೋಳದವರು. ಹದಿನೈದು ದಿನದ ಹಿಂದೆ ತಮ್ಮ ಮಗನಿಗಾಗಿ ನನ್ನನ್ನು ನೋಡಿಕೊಂಡು ಹೋಗಿದ್ದರು, ಇನ್ನೂ ಮಾತು ಹೇಳಿ ಕಳಿಸಿರಲಿಲ್ಲ. ಬಸ್ಸಿನಲ್ಲಿ ಬೇರೆ ಜಾಗವಿದ್ದರೂ ನನ್ನ ಬಾಜು ಬಂದು ಕುಳಿತರು.

"ಒಬ್ಬಾಕಿನ ಹೊಂಟಿ ಏನವಾ?"

"ಹೌದ್ರಿ. ಅಕ್ಕನ ಕುಬಸಾ ತರಾಕ ಹೊಂಟೀನ್ರಿ."

"ಹಂಗಾರ ಈ ಚೀಲದಾಗೇನು?"

ಹಳ್ಳದ ಇಳುಕಲಿನಲ್ಲಿ ಬಸ್ಸು ಎತ್ತಿ ಹಾಕಿತ್ತು. ಬಟ್ಟೆ ಜಾರಿ ಬಾಟಲಿಯ ಕುತ್ತಿಗೆ ಚೀಲದಿಂದ ಹೊರಗೆ ಬಂದಿತ್ತು. ಹಳದಿ ಬಣ್ಣ ಕಾಣುತ್ತಿತ್ತು.

"ಎಣ್ಣಿರಿ."

"ಕುಸುಬಿದಾ?"

"ಹೂಂ ರಿ."

ಅವರು ಕೈ ಹಾಕಿ ಬಾಟಲಿಯನ್ನು ತೆಗೆದೇಬಿಟ್ಟರು. ಕಿಟಕಿಯ ಬೆಳಕಿಗೆ ಹಿಡಿದರು. "ಯವ್ವಾ, ಇದೇನಿದು, ಇಷ್ಟ ನೊರಿ! ಎಣ್ಣ್ಯಾಗ ಹಿಂಗ ನೊರಿ ನಿಂದರತೈತೇನು? ಗಾಣದಾಂವ ಏನೋ ಕಲಿಸ್ಯಾನ ತಗಿ. ತಡಿ, ಬೂಚ ಬಿಚ್ಚಿ ಮೂಸಿ ನೋಡತೀನಿ."

"ಬ್ಯಾಡ್ರೀ! ಚೆಲ್ಲತೈತ್ರಿ!" ನಾನು ಕೂಗಿಬಿಟ್ಟೆ. ಬಸ್ಸೆಲ್ಲ ತಿರುಗಿ ನೋಡಿತು. ಕಂಡಕ್ಟರ್ ಹಿಂದಿನಿಂದ, "ಎಣ್ಣಿ ಚೆಲ್ಲಬ್ಯಾಡ್ರವಾ, ನನ್ನ ಬಸ್ಸಿನ್ಯಾಗ ಮಂದಿ ಜಾರಿ ಬೀಳತಾರ" ಎಂದ. ಎಲ್ಲರೂ ನಕ್ಕರು. ಗೌರವ್ವ ಬಾಟಲಿಯನ್ನು ನನ್ನ ಉಡಿಗೆ ಹಾಕಿ, "ಎಣ್ಣಿ ಮ್ಯಾಲೆ ಇಷ್ಟ ಜೀವ ಇಟ್ಟಾಕಿ ಮನಿ ಚಲೋ ನಡಸತಾಳ ಬಿಡು" ಎಂದರು. ಅದು ಒಪ್ಪಿಗೆಯ ಮಾತು. ಆಮೇಲೆ, "ಇಳದ ಮ್ಯಾಲೆ ನಮ್ಮ ಮನಿಗೆ ಬಾ. ನಮ್ಮ ಎಣ್ಣಿ ಬಾಜುಕ ಇಟ್ಟು ನೋಡೂಣು, ಯಾವುದು ಕಲಬೆರಕಿ ಅಂತ" ಎಂದರು.

ಆ ನೊರೆಯೇ ರೋಗ ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ, ಹುಬ್ಬಳ್ಳಿಯಲ್ಲಿ. ನಮ್ಮ ಅಕ್ಕನ ರೋಗವನ್ನು ಮೊದಲು ಕಣ್ಣಾರೆ ಕಂಡವರು ಗೌರವ್ವ. ಅದನ್ನು ಎಣ್ಣೆ ಎಂದು ಹೇಳಿದವಳು ನಾನು.

ಕುಂದಗೋಳದಲ್ಲಿ ಇಳಿದೆ. ಶಿಂಪಿಗೇರ ಅಂಗಡಿಗೆ ಹೋಗಿ ಬರುತ್ತೇನೆಂದು ಗೌರವ್ವನಿಂದ ತಪ್ಪಿಸಿಕೊಂಡೆ. ಅವರು ಮಾರ್ಕೆಟ್ಟಿನ ಕಡೆಯೇ ನಡೆಯುತ್ತಿದ್ದರು, ತಿರುತಿರುಗಿ ನನ್ನನ್ನು ನೋಡುತ್ತಿದ್ದರು. ಈ ಬಾಟಲಿ ಹಿಡಿದುಕೊಂಡು ದವಾಖಾನೆಯ ಬಾಗಿಲಲ್ಲಿ ಅವರ ಕಣ್ಣಿಗೆ ಬಿದ್ದರೆ? ಇದು ಉಚ್ಚೆ, ಇದನ್ನೇ ತಾವು ಮೂಸಲು ಹೋಗಿದ್ದು ಎಂದು ಅವರಿಗೆ ಗೊತ್ತಾದರೆ? ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಜಾಲಿಗಿಡದ ಮರೆಗೆ ಹೋಗಿ ಬಾಟಲಿ ಬೋರಲು ಹಾಕಿದೆ. ನಳದ ಹತ್ತಿರ ಎರಡು ಸಲ ತೊಳೆದೆ. ಮನಸ್ಸು ಹಗುರಾಯಿತು. ಅದನ್ನೂ ಬರೆಯಬೇಕು, ಹಗುರಾಗಿದ್ದು ನಿಜ.

ಖಣ ತೆಗೆದುಕೊಂಡೆ. ಆಗ ಚೀಟಿಯ ನೆನಪಾಯಿತು. ಚೀಟಿಯಿಲ್ಲದೆ ಮನೆಗೆ ಹೋಗುವಂತಿಲ್ಲ. ಮರಳಿ ಹೋಗಿ, ಚೆಲ್ಲಿಹೋಯಿತು, ನಾಳೆ ಮತ್ತೆ ಕೊಡಿ ಎನ್ನಬಹುದಿತ್ತು. ಅವ್ವ ಎರಡು ಮಾತು ಬೈಯುತ್ತಿದ್ದಳು, ಅಷ್ಟೇ. ಆದರೆ ನಾಳೆ ಮತ್ತೆ ಆ ಬಸ್ಸು, ಮತ್ತೆ ಆ ಬಾಟಲಿ. ಅಕ್ಕ ನಾನು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಗಡಿಗೆಯ ನೀರು ಕುಡಿಯುವವರು, ಒಂದೇ ರೊಟ್ಟಿ ತಿನ್ನುವವರು. ಅವಳದು ನನ್ನದು ಬೇರೆ ಹೇಗಾದೀತು ಎಂದುಕೊಂಡೆ. ದವಾಖಾನೆಯ ಹಿಂದೆ ಹೋಗಿ ಬಾಟಲಿ ತುಂಬಿದೆ.

ನನ್ನದರಲ್ಲಿ ನೊರೆ ನಿಲ್ಲಲಿಲ್ಲ. ಅದನ್ನು ನಾನು ನೋಡಿದೆ. ಬೇರೆಯಾಗಿದೆ ಎಂದು ಕಣ್ಣಿಗೆ ಕಂಡಿತು. ಕಂಡ ಮೇಲೂ ಒಳಗೆ ಹೋದೆ.

ಬಾಕಿನ ಮೇಲೆ ಏಳೆಂಟು ಹೆಂಗಸರು ಕುಳಿತಿದ್ದರು, ಎಲ್ಲರ ಕೈಯಲ್ಲೂ ಬಾಟಲಿ, ಯಾರೂ ಮುಚ್ಚಿಕೊಂಡಿರಲಿಲ್ಲ. ಒಬ್ಬಳು ತನ್ನದನ್ನು ಬಾಜು ಇಟ್ಟು ಅವಲಕ್ಕಿ ತಿನ್ನುತ್ತಿದ್ದಳು. ಪರೀಕ್ಷೆ ಮಾಡುವವರು "ಕಸ್ತೂರೆವ್ವ ಯಾರು?" ಎಂದು ಕರೆದರು. "ನಮ್ಮಕ್ಕರಿ" ಎಂದು ಎದ್ದೆ. ಅವರು ಗಾಜಿನ ನಳಿಕೆಯಲ್ಲಿ ಹಾಕಿ ದೀಪದ ಮೇಲೆ ಕಾಯಿಸಿದರು. "ಅಗದಿ ತಿಳಿ ಐತಿ. ಏನೂ ಇಲ್ಲ. ನಿಮ್ಮಕ್ಕಗ ಹೇಳು, ಆರಾಮ ಇರು ಅಂತ" ಎಂದು ಚೀಟಿ ಬರೆದುಕೊಟ್ಟರು.

ಮರುದಿನ ನರ್ಸಬಾಯಿ ಚೀಟಿ ನೋಡಲೆಂದೇ ಬಂದಾಗ ಅಂಗಳದಲ್ಲಿ ಬಳೆಗಾರ ಕುಳಿತಿದ್ದ. ಅಕ್ಕನ ಕೈಗೆ ಸಾಬೂನು ಹಚ್ಚಿ ಹಚ್ಚಿ ಬಳೆ ಏರಿಸುತ್ತಿದ್ದ. ಅಳತೆಯ ಬಳೆ ಮೂರು ಒಡೆದವು. "ತಂಗೀ, ಕೈಯಾಗ ನೀರ ನಿಂತೈತಿ" ಎಂದ ಆತ. ನರ್ಸಬಾಯಿ ಚೀಟಿ ಓದಿದರು. ಅಕ್ಕನನ್ನು ನೋಡಿದರು. ಮತ್ತೆ ಓದಿದರು.

"ಇದು ಹೊಲಸ ಬಂದಿದ್ರ ನಾ ನಿಮ್ಮ ಕುಬಸಾ ಕೇಳತಿದ್ದಿಲ್ರಿ, ಇವತ್ತ ಹುಬ್ಬಳ್ಳಿಗೆ ಎತ್ತಿ ಹಾಕತಿದ್ದೆ," ಎಂದರು ಅವ್ವನಿಗೆ. "ಚೀಟಿ ಸ್ವಚ್ಛ ಐತಿ. ಹಂಗಾರ ರಕ್ತ ಕಮ್ಮಿ ಇದ್ದೀತು. ಗುಳಿಗಿ ಕೊಡತೀನಿ." ಆಮೇಲೆ ನನಗೆ, "ಎದ್ದ ಕೂಡ್ಲೆ ಹಿಡಿದದ್ದ ಒಯ್ದಿ ಹೌದಿಲ್ಲ ತಂಗೀ?"

ನನ್ನ ಕೈಯಲ್ಲಿ ಬಳೆಗಾರನಿಗೆ ಕೊಡಬೇಕಾದ ಅಕ್ಕಿಯ ಮೊರ ಇತ್ತು. "ಹೌದ್ರಿ" ಎಂದೆ.

ಬಸ್ಸಿನಲ್ಲಿ ಆದದ್ದು ಹೆದರಿಕೆ ಎನ್ನಬಹುದು. ಈ "ಹೌದ್ರಿ"ಗೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ.

ಕುಬಸ ಚೆನ್ನಾಗಿ ಆಯಿತು. ಗೌರವ್ವನೂ ಬಂದು, ನನ್ನ ಮದುವೆಯ ಮಾತು ಆಡಿ ಹೋದರು. ಹೋಗುವಾಗ, "ಎಣ್ಣಿ ತರತೀನಿ ಅಂದಾಕಿ ಎಲ್ಲಿ ಹೋಗಿದ್ದೀ ಬೇ?" ಎಂದು ಕೆನ್ನೆ ಹಿಂಡಿದರು. ಅಕ್ಕ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕುಳಿತಿದ್ದಳು. ಕಣ್ಣು ಬಾತು ಗೆರೆಯಷ್ಟೇ ಉಳಿದಿದ್ದವು. ಹಪ್ಪಳ, ಉಪ್ಪಿನಕಾಯಿ, ಖಾರಬ್ಯಾಳಿ, ಬಸುರಿಯ ಬಯಕೆಯೆಂದು ಎಲ್ಲರೂ ತಿನ್ನಿಸಿದರು.

ಮೂರು ವಾರ ಕಳೆದವು. ಅಕ್ಕ ತಲೆನೋವು ಎನ್ನತೊಡಗಿದಳು. ಅವ್ವ ಲವಂಗ ಅರೆದು ಹಚ್ಚಿದಳು. ಒಂದು ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು, ಅಕ್ಕ ಜೋಳ ಹಸನು ಮಾಡುತ್ತ ಕುಳಿತಿದ್ದಳು. ತಲೆಯೆತ್ತಿ, "ನೀಲೀ, ಮಾಡ ಆಗೇತೇನ? ಕತ್ತಲಿ ಯಾಕ ಬಂತು?" ಎಂದಳು.

ಮೋಡವೇ ಇರಲಿಲ್ಲ. ನಾನು ಹೇಳುವಷ್ಟರಲ್ಲಿ ಅವಳ ಕೈ ಮೊರದ ಮೇಲೆ ಸೆಟೆಯಿತು. ಹಲ್ಲು ಕಚ್ಚಿದಳು. ಜೋಳ ಅಂಗಳದ ತುಂಬ ಚೆಲ್ಲಿತು. ಅವಳ ಮೈ ನೆಲಕ್ಕೆ ಬಡಿಯತೊಡಗಿತು.

ಯಾರೋ ಗಾಳಿ ಸೋಕಿದೆ ಎಂದರು, ಬೇವಿನ ತಪ್ಪಲು ತಂದರು. ಅಪ್ಪ ಯಾರ ಮಾತೂ ಕೇಳದೆ ಓಡಿಹೋಗಿ ಹತ್ತಿ ತುಂಬುವ ಟೆಂಪೋ ನಿಲ್ಲಿಸಿದ. ಹತ್ತಿಯ ಅಂಡಿಗೆಗಳ ಮೇಲೆ ಅಕ್ಕನನ್ನು ಮಲಗಿಸಿದೆವು. ಹಳ್ಳ ದಾಟುವಾಗ ಅವ್ವ ಕಣ್ಣು ಮುಚ್ಚಿಕೊಂಡಳು. ನಾನು ಅಕ್ಕನ ಬಾಯಿಯ ನೊರೆ ಒರೆಸುತ್ತಿದ್ದೆ.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಕೂಸನ್ನು ಹೊರತೆಗೆದರು. ಎರಡು ಅಂಗೈ ಕೂಡಿಸಿದರೆ ಅದರಲ್ಲಿ ಹಿಡಿಸುವಷ್ಟು. ನಮ್ಮ ಅಪ್ಪನ ಮೂಗು ಇತ್ತು ಅದಕ್ಕೆ. ಮರುದಿನ ಸಂಜೆಗೆ ಮುಂಚೆ ಹೋಯಿತು. ಅಕ್ಕನಿಗೆ ಇನ್ನೂ ಎಚ್ಚರವಿರಲಿಲ್ಲ. ಅದರ ಮುಖವನ್ನು ಅವಳು ನೋಡಲೇ ಇಲ್ಲ. ನಾನು ನೋಡಿದೆ.

ಡಾಕ್ಟರ್ ಬಾಯಿಯವರು ಅಪ್ಪನನ್ನು ಕರೆದು ಗಾಜಿನ ನಳಿಕೆಯನ್ನು ತೋರಿಸಿದರು. ಒಳಗೆ ಬೆಳ್ಳಗೆ ಗಟ್ಟಿಯಾಗಿ ಮೊಸರಿನ ಹಾಗೆ ಹೆಪ್ಪುಗಟ್ಟಿತ್ತು. "ಮೈಯಾಗಿನ ಸತ್ವ ಎಲ್ಲಾ ಮೂತ್ರದಾಗ ಹೋಗಾಕತ್ತೈತ್ರಿ. ಮೂತ್ರಪಿಂಡ ತಡಕೊಳ್ಳವಲ್ದು. ಹಿಂದ ಎಂದೂ ಪರೀಕ್ಷಾ ಮಾಡಿಸಿದ್ದಿಲ್ಲೇನು?" ಎಂದು ಕೇಳಿದರು.

ಅಪ್ಪ ಜೇಬಿನಿಂದ ಆ ಚೀಟಿ ತೆಗೆದ. ಅವರು ಓದಿ ಹುಬ್ಬು ಗಂಟಿಕ್ಕಿದರು. "ಮೂರು ವಾರದ ಹಿಂದ ಏನೂ ಇಲ್ಲ? ಇಷ್ಟ ಲಗೂ ಹಿಂಗ ಆಗೂದು ಅಪರೂಪ. ಇಲ್ಲಾ, ಪರೀಕ್ಷಾ ಸರಿ ಆಗಿಲ್ಲ."

ಅಪ್ಪ ಹಿಡಿದುಕೊಂಡದ್ದು ಕೊನೆಯ ಮಾತನ್ನು. ಊರಿಗೆ ಹೋದವನೇ ನರ್ಸಬಾಯಿಯವರನ್ನು ನಡು ಓಣಿಯಲ್ಲಿ ನಿಲ್ಲಿಸಿ ಬೈದ. ಬಟ್ಟೆಬರೆ ಒಯ್ಯಲು ನಾನೂ ಅವತ್ತು ಊರಿಗೆ ಬಂದಿದ್ದೆ. ಬಾಗಿಲ ಹಿಂದೆ ನಿಂತು ಕೇಳಿದೆ.

"ನಮ್ಮ ಕೂಸಿನ್ನ ತಿಂದಿ ನೀನು! ಸ್ವಚ್ಛ ಐತಿ ಅಂದಿ!"

"ಚೀಟಿ ನಂಬಿದ್ನ್ರಿ ಯಜಮಾನ್ರ," ಎಂದರು ನರ್ಸಬಾಯಿ. "ಕಣ್ಣ ನಂಬಬೇಕಿತ್ತು. ಚೀಟಿ ನಂಬಿದೆ."

ಅವರು ಕೊಡೆ ಬಿಚ್ಚದೆ ಬಿಸಿಲಲ್ಲಿ ನಡೆದುಹೋದರು. ನಮ್ಮ ಓಣಿಗೆ ಮತ್ತೆ ಬರಲಿಲ್ಲ. ಮಳೆಗಾಲಕ್ಕೆ ಮುಂಚೆ ಬೇರೆಡೆಗೆ ವರ್ಗ ಮಾಡಿಸಿಕೊಂಡರೆಂದು ಕೇಳಿದೆ. ಅವತ್ತು ನಾನು ಬಾಗಿಲು ತೆರೆದು ನಿಜ ಹೇಳಲು ಒಂದು ಹೆಜ್ಜೆ ಸಾಕಿತ್ತು.

ಹುಬ್ಬಳ್ಳಿಯಲ್ಲಿ ಆರು ವಾರ ಇದ್ದೆವು. ಅವ್ವನಿಗೆ ಮನೆ, ದನ; ಅಕ್ಕನ ಹತ್ತಿರ ನಾನೇ ಉಳಿದೆ. ಅಕ್ಕನಿಗೆ ಎಚ್ಚರವಾಗಿ, ಕಣ್ಣು ಕಾಣತೊಡಗಿದಾಗ, ಮೊದಲು ಕೈಯಿಂದ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಏನೂ ಹೇಳಬೇಕಾಗಲಿಲ್ಲ. ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾಲ್ಕನೆಯ ದಿನ "ತಲಿ ಹಿಕ್ಕ" ಎಂದಳು. ಹಿಕ್ಕಿದೆ. ಕೂದಲು ಕೈತುಂಬ ಬಂತು. ಅವಳಿಗೆ ಕಾಣದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅಲ್ಲಿ ಒಂದು ಕ್ಯಾನು ಕೊಟ್ಟಿದ್ದರು. ಒಂದು ಬೆಳಗಿನಿಂದ ಮರು ಬೆಳಗಿನವರೆಗಿನ ಮೂತ್ರವನ್ನೆಲ್ಲ ಅದರಲ್ಲೇ ಕೂಡಿಸಬೇಕು, ಒಂದು ಹನಿಯೂ ಹೊರಗೆ ಹೋಗಬಾರದು. ಅದನ್ನು ಅಳೆಯುವ ಕೋಣೆ ಉದ್ದನೆಯ ಪಡಸಾಲೆಯ ಆ ತುದಿಗೆ. ಪಡಸಾಲೆಯ ಎರಡೂ ಕಡೆ ರೋಗಿಗಳ ಮಂದಿ ಕುಳಿತಿರುತ್ತಿದ್ದರು. ನಾನು ಕ್ಯಾನಿಗೆ ಏನೂ ಮುಚ್ಚದೆ ಒಯ್ಯುತ್ತಿದ್ದೆ. ಗದಗಿನ ಕಡೆಯ ಮುದುಕಿಯೊಬ್ಬಳು, "ಹಾಲ ತಂದ್ಯೇನ ತಂಗೀ? ಅರ್ಧ ಲೋಟ ಹಾಕ, ಚಹಾಕ್ಕ" ಎಂದಳು.

"ಹಾಲಲ್ಲ ಆಯೀ, ನಮ್ಮ ಅಕ್ಕನ ಉಚ್ಚಿ."

ಜೋರಾಗಿಯೇ ಹೇಳಿದೆ. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆವತ್ತಿನಿಂದ ನಾನು ಹೋಗುವಾಗ, "ದಾರಿ ಬಿಡ್ರೆಲೇ, ಡೇರಿ ಬಂತು!" ಎಂದು ಕೂಗುತ್ತಿದ್ದಳು. ಅಳೆಯುವ ಕೋಣೆಯವನೂ ಒಳ್ಳೆಯವನು. ನೊರೆ ಕಡಿಮೆಯಾದ ದಿನ ದೂರದಿಂದಲೇ ಕೈಯೆತ್ತಿ ತೋರಿಸುತ್ತಿದ್ದ. ಅಂಥ ದಿನಗಳು ಬಹಳ ಇರಲಿಲ್ಲ. ಅಕ್ಕನ ಕಾಲನ್ನು ದಿನಾ ಒತ್ತಿ ನೋಡುತ್ತಿದ್ದೆ. ಗುಳಿ ತುಂಬಿಕೊಳ್ಳಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಮನಸ್ಸಿನಲ್ಲಿ ಎಣಿಸುತ್ತಿದ್ದೆ.

ಅಕ್ಕನಿಗೆ ಉಪ್ಪು ನಿಷೇಧ. ಸಪ್ಪೆ ಅನ್ನ ಬಾಯಲ್ಲಿಟ್ಟು ಅಳುತ್ತಿದ್ದಳು. ನಾನೂ ಉಪ್ಪು ಬಿಟ್ಟೆ. "ನೀ ಯಾಕ ಬಿಡ್ತಿ ಹುಚ್ಚಿ, ನಿನಗೇನ ಆಗೇತಿ?" ಎಂದಳು. ನಾನು ಸಪ್ಪೆ ಅನ್ನವನ್ನೇ ಕಲಸಿ ಉಂಡೆ. ಅವಳು ಅದನ್ನು ಪ್ರೀತಿ ಎಂದು ತಿಳಿದಳು. ಬಂದವರಿಗೆಲ್ಲ ಹೇಳಿದಳು: "ನಮ್ಮ ನೀಲಿ ನೋಡ್ರಿ, ಹರೇದ ಹುಡುಗಿ, ಉಚ್ಚಿ ಕ್ಯಾನ ಹೊತ್ಕೊಂಡ ಅಡ್ಯಾಡತಾಳ, ಒಂಚೂರು ನಾಚಿಕಿ ಇಲ್ಲ."

ಒಂಚೂರು ನಾಚಿಕೆ ಇಲ್ಲ. ಅವಳು ನಗುತ್ತ ಹೇಳಿದ ಮಾತದು.

ಊರಿಗೆ ಬಂದ ಮೇಲೂ ನೊರೆ ಪೂರ್ತಿ ಹೋಗಲು ಒಂದೂವರೆ ವರ್ಷ ಹಿಡಿಯಿತು. ಈ ನಡುವೆ ನನ್ನ ಮದುವೆಯಾಯಿತು. ಗೌರವ್ವ ನನಗೆ ಅತ್ತೆಯಾದರು. ಒಳ್ಳೆಯ ಅತ್ತೆ, ಬಾಯಿ ಮಾತ್ರ ಸುಮ್ಮನಿರದು. ಗಾಣದಿಂದ ಎಣ್ಣೆ ತಂದಾಗಲೆಲ್ಲ, "ನಮ್ಮ ಸೊಸಿ ತವರ ಮನಿ ಎಣ್ಣಿ ಹಂಗ ನೊರಿ ಬಂದೈತೇನ ನೋಡ್ರಿ" ಎಂದು ಹಾಸ್ಯ ಮಾಡುತ್ತಿದ್ದರು. ಮನೆಯವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ವರ್ಷಗಟ್ಟಲೆ ಹೀಗೆ ನಕ್ಕೆ.

ಆ ಕೂಸು ಹೋಗಿ ಐದು ವರ್ಷದ ಮೇಲೆ ಅಕ್ಕ ಮತ್ತೆ ಬಸುರಾದಳು. ನಾಲ್ಕು ತಿಂಗಳು ತುಂಬಿದಾಗ ಹುಬ್ಬಳ್ಳಿಗೆ ಹೋಗಿ ತೋರಿಸಿ, ತವರಿಗೆ ಬರುವಾಗ ಕುಂದಗೋಳದ ನಮ್ಮ ಮನೆಯಲ್ಲಿ ಇಳಿದಳು. ಮುಖದಲ್ಲಿ ಸಮಾಧಾನ ಇತ್ತು. ಆ ದವಾಖಾನೆಯಲ್ಲಿ ಈಗ ಬೇರೆ ಡಾಕ್ಟರು. ಅಕ್ಕ ಹಳೆಯ ಕಾಗದಗಳನ್ನೆಲ್ಲ ತೋರಿಸಿದ್ದಳು. ಅದರಲ್ಲಿ ಎಲ್ಲಕ್ಕಿಂತ ಮೇಲೆ ಆ ಚೀಟಿ. ಅಕ್ಕ ಅದನ್ನು ಕುಬಸದ ಹಸಿರು ಸೀರೆಯ ಮಡಿಕೆಯಲ್ಲಿ ಜೋಪಾನ ಮಾಡಿದ್ದಳು.

"ಆ ಚೀಟಿ ನೋಡಿ ಡಾಕ್ಟರ್ ಅಂದ್ರು," ಎಂದಳು ರಾತ್ರಿಯ ಊಟದ ಹೊತ್ತಿಗೆ, "ಏಳರತನಕ ನಿಮಗ ಏನೂ ಇದ್ದಿಲ್ಲ, ಆಮ್ಯಾಲೆ ಒಮ್ಮಿಂದೊಮ್ಮೆ ಬಂದೈತಿ. ಅದಕ್ಕ ಈಗ ಹೆದರಬ್ಯಾಡ್ರಿ, ಕುಂದಗೋಳದಾಗ ಒಮ್ಮೆ ಮೂತ್ರ ತೋರಿಸ್ರಿ, ಏಳು ತುಂಬಿದ ಮ್ಯಾಲೆ ನನ್ನ ಕಡೆ ಬರ್ರಿ ಅಂತ. ಆ ಚೀಟಿ ಇತ್ತಂತ ಆತ ನೋಡ ನೀಲಿ. ಇಲ್ಲಂದ್ರ ಈಗಿಂದನ ಹಾಸಿಗಿ ಹಿಡಿ ಅಂತಿದ್ರೋ ಏನೋ."

ಐದು ವರ್ಷದ ಹಿಂದೆ ಮುಗಿದುಹೋಯಿತು ಎಂದುಕೊಂಡಿದ್ದ ಸುಳ್ಳು ಇನ್ನೂ ಬದುಕಿತ್ತು. ಡಾಕ್ಟರು ಅದನ್ನೇ ಓದಿ ಲೆಕ್ಕ ಹಾಕಿದ್ದರು. ಈ ಕೂಸಿನ ಲೆಕ್ಕವನ್ನೂ.

ಆಗಲೂ ಹೇಳಲಿಲ್ಲ. ಬೆಳಗಾಯಿತು.

ಮುಂದೆ ಏನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದೇ ದಿನ ಹತ್ತು ಗಂಟೆಯ ಗಾಡಿಗೆ ನಾವಿಬ್ಬರೂ ಮತ್ತೆ ಹುಬ್ಬಳ್ಳಿಗೆ ಹೋದೆವು. ನಾನೇ ಡಾಕ್ಟರ ಮುಂದೆ ನಿಂತು ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು, ಚೀಟಿಯ ಮೇಲೆ ಅಡ್ಡಗೆರೆ ಎಳೆದರು. ಪರೀಕ್ಷೆಯಲ್ಲಿ ಆಗಲೇ ಸತ್ವ ಹೋಗುತ್ತಿತ್ತು. ವಾರಕ್ಕೊಮ್ಮೆ ಬರಬೇಕು, ಉಪ್ಪು ಬಂದ್, ಕೆಲಸ ಬಂದ್ ಎಂದರು. ಎಂಟೂವರೆ ತಿಂಗಳಿಗೆ ಮಗಳು ಹುಟ್ಟಿದಳು, ಸಣ್ಣವಳು, ಆದರೆ ಅಳುವ ಧ್ವನಿ ದೊಡ್ಡದು. ಅಕ್ಕನಿಗೆ ಈಗಲೂ ಬಿಪಿ ಗುಳಿಗೆ ಇದೆ, ವರ್ಷಕ್ಕೆರಡು ಸಲ ಪರೀಕ್ಷೆ ಇದೆ. ನರ್ಸಬಾಯಿಯವರನ್ನು ಮೂರು ಊರುಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಅಪ್ಪನಿಗೆ ಅವನ ಕೊನೆಗಾಲದಲ್ಲಿ ನಿಜ ಹೇಳಿದೆ. ಆತ, "ಆ ಬಾಯಿ ಬಿಸಿಲಾಗ ಹೋದಳಲ್ಲ" ಎಂದ. ಈ ಬರಹ ನರ್ಸಬಾಯಿಯವರ ಕಣ್ಣಿಗೆ ಬಿದ್ದರೆ, ಬಾಯಾರ, ನಿಮ್ಮ ಕಣ್ಣು ಸರಿ ಇತ್ತು. ಚೀಟಿ ಮಾತ್ರ ನನ್ನದಿತ್ತು.

ಈಗ ಆ ಬೆಳಗಿಗೆ ಬರುತ್ತೇನೆ.

ಅಕ್ಕ ಹಿತ್ತಲಿನಿಂದ ಬಂದಳು. ಕೈಯಲ್ಲಿ ಬಾಟಲಿ. ಅತ್ತೆ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತ ಕುಳಿತಿದ್ದರು. ಅಕ್ಕ ಬಾಟಲಿಯನ್ನು ನನ್ನ ಕೈಯಲ್ಲಿಟ್ಟಳು. ಅದು ಇನ್ನೂ ಬೆಚ್ಚಗಿತ್ತು.

"ನೀನ ಒಯ್ದು ಕೊಟ್ಟ ಬಾ ನೀಲಿ. ನಾನು ಒಯ್ಯಾಂಗಿಲ್ಲ. ನಿನ್ನ ಕೈಗುಣ ಚಲೋ ಐತಿ. ಆವತ್ತ ನೀ ಒಯ್ದಾಗ ಎಷ್ಟ ಸ್ವಚ್ಛ ಬಂದಿತ್ತು."

ಬಾಟಲಿಯ ಕುತ್ತಿಗೆಯಲ್ಲಿ ಬೆರಳಷ್ಟು ದಪ್ಪ ನೊರೆ ನಿಂತಿತ್ತು. ಇಳಿಯಲಿಲ್ಲ. ಅತ್ತೆ ಕತ್ತೆತ್ತಿ ನೋಡಿದರು. ಅವರಿಗೆ ಹಾಸ್ಯಕ್ಕೆ ಹೊತ್ತು ಗೊತ್ತು ಇರಲಿಲ್ಲ.

"ಏನವಾ, ಮತ್ತ ತವರಿನ ಕುಸುಬಿ ಎಣ್ಣಿ ಬಂತೇನು?"

ಅಕ್ಕ ನಗಲು ಬಾಯಿ ತೆರೆದಳು. ನಾನು ಬಾಟಲಿಯನ್ನು ಕಟ್ಟೆಯ ಮೇಲೆ, ಶೇಂಗಾ ಸಿಪ್ಪೆಯ ನಡುವೆ ಇಟ್ಟೆ. ಅಲ್ಲೇ ನೆಲಕ್ಕೆ ಕುಳಿತೆ.

"ಎಣ್ಣಿ ಅಲ್ರಿ ಅತ್ತಿ. ಆವತ್ತೂ ಎಣ್ಣಿ ಇರಲಿಲ್ರಿ. ನೀವು ಬಸ್ಸಿನ್ಯಾಗ ಹಿಡಿದು ನೋಡಿದ್ದು ಅಕ್ಕನ ಉಚ್ಚಿ. ನಿಮಗ ನಾಚಿ ನಾ ಅದನ್ನ ಚೆಲ್ಲಿದೆ."

ಅತ್ತೆಯ ಕೈಯಲ್ಲಿನ ಶೇಂಗಾ ಹಾಗೇ ನಿಂತಿತು. ಅಕ್ಕ, "ಚೆಲ್ಲಿದಿ? ಹಂಗಾರ ಚೀಟಿ?" ಎಂದಳು. ಅವಳ ಮುಖದಲ್ಲಿ ಇನ್ನೂ ಅರ್ಧ ನಗು ಇತ್ತು.

"ಚೀಟಿ ನಂದು. ನಂದ ತುಂಬಿ ಕೊಟ್ಟೆ. ನಿನ್ನದರಾಗ ಆವತ್ತ ಹಿಂಗ ನೊರಿ ಇತ್ತು. ನಾ ನೋಡಿದ್ದೆ. ನರ್ಸಬಾಯಿ ಕೇಳಿದಾಗೂ ಹೌದ್ರಿ ಅಂದೆ. ನೀ ಏಳು ತಿಂಗಳಿಗೂ ಆರಾಮ ಇದ್ದಿಲ್ಲ."

ಅಕ್ಕ ಗೋಡೆ ಹಿಡಿದುಕೊಂಡಳು. ಅವಳ ಇನ್ನೊಂದು ಕೈ ಹೊಟ್ಟೆಯ ಮೇಲೆ ಹೋಯಿತು, ಐದು ವರ್ಷದ ಹಿಂದೆ ಎಚ್ಚರವಾದಾಗ ಹೋದ ಹಾಗೇ. ನಾನು ಅವಳ ಕಾಲು ಹಿಡಿದೆ. ನನ್ನ ಹೆಬ್ಬೆರಳ ಕೆಳಗೆ ಕಣಕಾಲು ಮೆತ್ತಗಿತ್ತು, ಗುಳಿ ಬಿತ್ತು.

"ನಿನ್ನ ಕೂಸಿಗೆ ನಾ ಮಾಡಿದೆ ಅಕ್ಕಾ. ನರ್ಸಬಾಯಿ ಅಲ್ಲ, ದೇವರಲ್ಲ, ನಾ ಮಾಡಿದೆ. ನನ್ನಿಂದ ತಪ್ಪಾತು. ನೀ ಕ್ಷಮಿಸಬೇಕಂತ ಕೇಳಾಕತ್ತಿಲ್ಲ. ಚೀಟಿ ಸುಳ್ಳೈತಿ, ಈಗ ನನ್ನ ಸಂಗಾಟ ಹುಬ್ಬಳ್ಳಿಗೆ ಎದ್ದು ಬಾ. ತಪ್ಪಾತು ಅಕ್ಕಾ. ತಪ್ಪಾತು."